ಆಕಸ್ಮಿಕ ಭಯವೂ ಪರಿಗ್ರಹ ಪರಿಮಾಣ ವ್ರತವೂ

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ ಗೃಹಸ್ಥನು ತನ್ನ ಹೊಲ, ಮನೆ, ಚಿನ್ನ, ಬೆಳ್ಳಿ, ಧನ, ಧಾನ್ಯ, ಬಟ್ಟೆ, ಪಾತ್ರೆ ಮೊದಲಾದವುಗಳಿಗೆ ಒಂದು ಮೇರೆಯನ್ನು ಹಾಕಿಕೊಳ್ಳುತ್ತಾನೆ. ಈ ಮೇರೆಯೊಳಗಿರುವುದು ಮಾತ್ರ ತನ್ನದು, ಇದನ್ನು ಮೀರಿದ್ದು ತನಗೆ ಬೇಡವೆಂದು ಗುರುಗಳ ಸನ್ನಿಧಿಯಲ್ಲಿಯೋ ಬಸದಿಯಲ್ಲಿ ಜಿನಬಿಂಬದ ಎದುರಿನಲ್ಲಿಯೋ ಸಂಕಲ್ಪ ಮಾಡುತ್ತಾನೆ. ಸುಖಕ್ಕಾಗಿ ಕೊಳ್ಳುವ ವಸ್ತುಗಳ ವಿಷಯದಲ್ಲಿ ಈ ವ್ರತದ ಅನ್ವಯವು ಎಲ್ಲರಿಗೂ ಸ್ಪಷ್ಟವಾಗಿಯೇ ಇದೆ. ಆದರೆ ಭಯದಿಂದ ಕೊಳ್ಳುವ ವಸ್ತುಗಳ ಗತಿಯೇನು? ಮುಂದೆ ಬರಬಹುದಾದ ವಿಪತ್ತಿಗೆಂದು, ಮನೆಯವರ ಪ್ರಾಣರಕ್ಷಣೆಗೆಂದು ತಂದಿಟ್ಟುಕೊಂಡ ಸಾಧನಗಳು ಆ ಲೆಕ್ಕದಲ್ಲಿ ಸೇರುತ್ತವೆಯೇ, ಇಲ್ಲವೇ? ಅದು ಪರಿಗ್ರಹವೋ, ಕರ್ತವ್ಯವೋ?

ಈ ಪ್ರಶ್ನೆಯನ್ನು ನಾನು ಗ್ರಂಥಗಳಲ್ಲಿ ಹುಡುಕಿ ತಂದದ್ದಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಗೋಣಿಬಟ್ಟೆ ಹೊದಿಸಿಟ್ಟಿರುವ ಒಂದು ಯಂತ್ರವು ನನಗೆ ಇದನ್ನು ಕೇಳಿತು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಳ ಅನೇಕ ಮನೆಗಳಲ್ಲಿ ಇಂತಹ ಒಂದಲ್ಲ ಒಂದು ವಸ್ತು ಇಂದಿಗೂ ಮೂಲೆ ಸೇರಿ ಕುಳಿತಿರುವುದನ್ನು ಬಲ್ಲೆನಾದುದರಿಂದ, ನಡೆದುದನ್ನು ಮರೆಮಾಚದೆ ಹೇಳುವುದು ಉಚಿತವೆಂದು ತೋರುತ್ತದೆ.

೨೦೨೧ರ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ನಮ್ಮ ಜಿಲ್ಲೆಯವರು ಸುಲಭವಾಗಿ ಮರೆಯಲಾರರು. ಮೇ ೨ರ ರಾತ್ರಿಯಿಂದ ೩ರ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ೨೪ ಮಂದಿ ರೋಗಿಗಳು ತೀರಿಕೊಂಡರೆಂಬ ಸುದ್ದಿ ಬಂದಿತು. ಆಮ್ಲಜನಕದ ಕೊರತೆಯೇ ಕಾರಣವೆಂಬುದನ್ನು ಉಚ್ಚ ನ್ಯಾಯಾಲಯವು ನೇಮಿಸಿದ ಸಮಿತಿಯು ಬಳಿಕ ವರದಿ ಮಾಡಿತು. ಆ ಸೋಮವಾರದ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಆದರೆ ಪ್ರತಿಯೊಂದು ಬಾಗಿಲ ಹಿಂದೆಯೂ ಒಂದೇ ಮಾತು ನಡೆದಿತ್ತು. ಜಿಲ್ಲಾ ಕೇಂದ್ರದಲ್ಲಿಯೇ ಉಸಿರಿಗೆ ಗತಿಯಿಲ್ಲವೆಂದ ಮೇಲೆ ಕೊಳ್ಳೇಗಾಲದವರ ಪಾಡೇನು, ಹನೂರಿನ ಕಾಡಂಚಿನ ಹಳ್ಳಿಗಳವರ ಪಾಡೇನು? ಪ್ರಾಣವಾಯುವನ್ನು ನಮ್ಮ ನಮ್ಮ ಮನೆಗಳಲ್ಲಿ ನಾವೇ ಇಟ್ಟುಕೊಳ್ಳಬೇಕೆಂಬ ತೀರ್ಮಾನಕ್ಕೆ ಬಂದವರಲ್ಲಿ ನಾನೂ ಒಬ್ಬನು.

ಕೇಳಿದವರಿಗೆ ಒದಗಿಸುತ್ತೇವೆಂದು ಹೇಳುವವರು ಆಗ ಎಲ್ಲೆಡೆ ಹುಟ್ಟಿಕೊಂಡಿದ್ದರು. ಪರಿಚಿತರೊಬ್ಬರ ಮೂಲಕ ಬಂದ ಮಧ್ಯವರ್ತಿಯೊಬ್ಬನು ಒಂದು ಆಕ್ಸಿಜನ್ ಕಾನ್ಸೆಂಟ್ರೇಟರ್, ಎರಡು ಪಲ್ಸ್ ಆಕ್ಸಿಮೀಟರ್, ಮೂರು ಆಮ್ಲಜನಕದ ಡಬ್ಬಿಗಳನ್ನು ತಂದುಕೊಟ್ಟನು. ಯಂತ್ರಕ್ಕೆ ೯೨,೦೦೦ ರೂಪಾಯಿ. ಬೆರಳಿಗೆ ಸಿಕ್ಕಿಸುವ ಮೀಟರುಗಳಿಗೆ ತಲಾ ೩,೫೦೦ ರೂಪಾಯಿ. ಬಿಲ್ಲು ಇರಲಿಲ್ಲ. ಡಬ್ಬದ ಮೇಲೆ ತಯಾರಕರ ವಿಳಾಸವಿರಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ. ಕೇಳಿದರೆ ಇನ್ನೊಬ್ಬರಿಗೆ ಕೊಟ್ಟುಬಿಟ್ಟಾನೆಂಬ ಆತಂಕ.

ಆ ಹಣವು ಯಾವುದೆಂಬುದನ್ನೂ ಹೇಳಬೇಕು. ನಮ್ಮ ತಾಯಿಯವರು ಅನಂತನ ನೋಂಪಿಯನ್ನು ಹಿಡಿದು, ಭಾದ್ರಪದ ಶುಕ್ಲ ಚತುರ್ದಶಿಯಂದು ತಪ್ಪದೆ ಉಪವಾಸವನ್ನು ನಡೆಸಿ, ೨೦೨೦ನೆಯ ಇಸವಿಗೆ ಹದಿನಾಲ್ಕು ವರ್ಷಗಳನ್ನು ಪೂರೈಸಿದ್ದರು. ಉದ್ಯಾಪನೆಯು ಸಾಂಕ್ರಾಮಿಕದ ಕಾರಣ ನಿಂತುಹೋಗಿತ್ತು. ಅದಕ್ಕೆಂದು, ಅಂದಿನ ಆಹಾರದಾನ ಶಾಸ್ತ್ರದಾನಗಳಿಗೆಂದು, ಅವರು ವರ್ಷಗಟ್ಟಲೆ ಕೂಡಿಸಿಟ್ಟ ಹಣವು ಬೀರುವಿನಲ್ಲಿತ್ತು. ನಾನು ಕೇಳಿದಾಗ ಅವರು ಬೇಡವೆನ್ನಲಿಲ್ಲ. "ಮಕ್ಕಳ ಉಸಿರಿಗಿಂತ ಹೆಚ್ಚೇನಪ್ಪ, ತೆಗೆದುಕೋ" ಎಂದಷ್ಟೇ ಹೇಳಿ ಬೀಗದಕೈಯನ್ನು ಕೊಟ್ಟರು.

ನಮ್ಮ ಮನೆಯಲ್ಲಿ ಯಾರಿಗೂ ಆ ಯಂತ್ರ ಬೇಕಾಗಲಿಲ್ಲ. ಬೇಕಾದುದು ಹನೂರಿನ ನಮ್ಮ ಸೋದರಮಾವನವರಿಗೆ. ಅವರಿಗೆ ಜ್ವರ ಬಂದ ಮೂರನೆಯ ದಿನ ಒಂದು ಆಕ್ಸಿಮೀಟರನ್ನು ಕಳುಹಿಸಿದೆವು. ಬೆಳಿಗ್ಗೆ ೯೭, ಮಧ್ಯಾಹ್ನ ೯೮, ರಾತ್ರಿ ೯೭. ಅಂಕಿಗಳನ್ನು ದೂರವಾಣಿಯಲ್ಲಿ ಕೇಳಿ ನಾವು ನೆಮ್ಮದಿಯಿಂದ ಮಲಗಿದೆವು. ಅತ್ತೆಯವರು, "ಏಕೋ ಮಾತು ತೊದಲುತ್ತಿದೆ, ತುಟಿ ಕಪ್ಪಾಗಿ ಕಾಣುತ್ತದೆ" ಎಂದಾಗಲೂ ನಾನು, "ಮೀಟರು ಸರಿಯಾಗಿಯೇ ತೋರಿಸುತ್ತಿದೆಯಲ್ಲ ಅತ್ತೆ, ಹೆದರಬೇಡಿ" ಎಂದು ಸಮಾಧಾನ ಹೇಳಿದೆ. ಎರಡು ದಿನಗಳು ಹೀಗೆ ಕಳೆದುವು. ಕೊನೆಗೆ ನೆರೆಯವರು ಅವರನ್ನು ಆಸ್ಪತ್ರೆಗೆ ಕರೆತಂದಾಗ ಅಲ್ಲಿಯ ನರ್ಸಮ್ಮನವರ ಮೀಟರು ತೋರಿಸಿದ್ದು ೮೧. ಮಾವನವರು ಉಳಿದುಕೊಂಡರು, ಹತ್ತೊಂಬತ್ತು ದಿನಗಳ ಮೇಲೆ ಮನೆಗೆ ಬಂದರು. ಅದು ನಮ್ಮ ಪುಣ್ಯವಲ್ಲದೆ ನಮ್ಮ ವಿವೇಕವಲ್ಲ. ನಾವು ಕೊಂಡ ವಸ್ತುವನ್ನು ಆಮೇಲೆ ಒಂದು ಪೆನ್ಸಿಲಿಗೆ ಸಿಕ್ಕಿಸಿ ನೋಡಿದಾಗ ಅದು ೯೮ ಎಂದು ತೋರಿಸಿತು!

ಆಕ್ಸಿಮೀಟರಿನ ತತ್ತ್ವವು ಗಹನವಾದುದೇನಲ್ಲ. ಅದು ಬೆರಳಿನ ಮೂಲಕ ಒಂದು ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್ನೊಂದು ಅವಕೆಂಪು ಬೆಳಕನ್ನೂ ಹಾಯಿಸುತ್ತದೆ. ಆಮ್ಲಜನಕವನ್ನು ಹೊತ್ತ ರಕ್ತವು ಒಂದನ್ನು ಹೆಚ್ಚಾಗಿ ಹೀರಿದರೆ, ಹೊರದ ರಕ್ತವು ಇನ್ನೊಂದನ್ನು ಹೆಚ್ಚಾಗಿ ಹೀರುತ್ತದೆ. ಆ ಅಂತರದಿಂದ ಲೆಕ್ಕ ಹಾಕುತ್ತದೆ. ಪೆನ್ಸಿಲಿನಲ್ಲಿ ರಕ್ತವಿಲ್ಲವಾದುದರಿಂದ ಪ್ರಾಮಾಣಿಕವಾದ ಮೀಟರು ಅಲ್ಲಿ ಸುಮ್ಮನಿರಬೇಕು. ನಮ್ಮದಕ್ಕೆ ಸುಮ್ಮನಿರುವುದು ತಿಳಿಯದು. ಯಾರು ಕೇಳಿದರೂ ಸಂತೋಷದ ಅಂಕಿಯನ್ನೇ ಹೇಳುವಂತೆ ಅದನ್ನು ಮಾಡಲಾಗಿತ್ತು.

ಯಂತ್ರದ ಕಥೆಯೂ ಅದೇ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ ೭೮ರಷ್ಟು ಸಾರಜನಕ, ೨೧ರಷ್ಟು ಆಮ್ಲಜನಕ ಇವೆ. ಒಳ್ಳೆಯ ಕಾನ್ಸೆಂಟ್ರೇಟರು ಗಾಳಿಯನ್ನು ಒತ್ತಿ, ಜಿಯೋಲೈಟ್ ಎಂಬ ಹರಳುಗಳ ನಡುವೆ ಹಾಯಿಸಿ, ಸಾರಜನಕವನ್ನು ಅಲ್ಲಿ ತಡೆದು, ಶೇಕಡ ೯೦ಕ್ಕೂ ಮಿಕ್ಕಿದ ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಕೆಲವು ರೋಗಿಗಳಿಗೆ ನಿಮಿಷಕ್ಕೆ ಐದು ಲೀಟರಿನಷ್ಟು ಇಂತಹ ವಾಯು ಬೇಕಾಗುತ್ತದೆ. ಲಾಕ್‌ಡೌನ್ ಸಡಿಲವಾದ ಮೇಲೆ ಮೈಸೂರಿನಲ್ಲಿ ಇಂತಹ ಉಪಕರಣಗಳನ್ನು ರಿಪೇರಿ ಮಾಡುವವರೊಬ್ಬರಲ್ಲಿಗೆ ನಮ್ಮ ಯಂತ್ರವನ್ನು ಒಯ್ದೆ. ಅವರು ಅಳೆದು ನೋಡಿ ಹೇಳಿದ್ದು: ನಿಮಿಷಕ್ಕೆ ಒಂದು ಲೀಟರಿನ ಹರಿವಿನಲ್ಲಿ ಪರವಾಗಿಲ್ಲ, ಐದು ಲೀಟರಿಗೆ ತಿರುಗಿಸಿದರೆ ಶೇಕಡ ೩೦. ಅಂದರೆ ಬಾಗಿಲು ತೆರೆದು ಕುಳಿತವನಿಗೆ ಸಿಕ್ಕುವುದಕ್ಕಿಂತ ತುಸು ಹೆಚ್ಚು. ಡಬ್ಬಿಗಳ ಮೇಲೆ ಹತ್ತು ಲೀಟರೆಂದು ಬರೆದಿತ್ತು. ನಿಮಿಷಕ್ಕೆ ಐದು ಲೀಟರು ಬೇಕಾದ ರೋಗಿಗೆ ಅದು ಎರಡು ನಿಮಿಷ. ಒಂದು ದಿನಕ್ಕೆ ಬೇಕಾದದ್ದು ೭,೨೦೦ ಲೀಟರು. ಈ ಗುಣಾಕಾರವನ್ನು ಶಾಲೆಯ ಹುಡುಗನೂ ಮಾಡಬಲ್ಲನು, ನಾನು ಮಾಡಲಿಲ್ಲ.

ಬೆಲೆಯ ವಿಷಯದಲ್ಲಿ ನಾವೊಬ್ಬರೇ ಮೋಸಹೋದವರಲ್ಲ. ಕಾನ್ಸೆಂಟ್ರೇಟರುಗಳ ಮೇಲೆ ಶೇಕಡ ೧೯೮ರ ವರೆಗೂ ಲಾಭಾಂಶವನ್ನು ಇರಿಸಲಾಗುತ್ತಿದೆಯೆಂದು ಕಂಡು, ಕೇಂದ್ರ ಸರ್ಕಾರದ ಔಷಧ ಬೆಲೆ ಪ್ರಾಧಿಕಾರವು ೨೦೨೧ರ ಜೂನ್ ತಿಂಗಳಿನಲ್ಲಿ ಅದಕ್ಕೆ ಶೇಕಡ ೭೦ರ ಮಿತಿಯನ್ನು ವಿಧಿಸಿತು. ಜುಲೈ ತಿಂಗಳಿನಲ್ಲಿ ಆಕ್ಸಿಮೀಟರ್, ಉಷ್ಣಮಾಪಕ, ರಕ್ತದೊತ್ತಡದ ಯಂತ್ರ, ನೆಬ್ಯುಲೈಜರ್, ಗ್ಲೂಕೋಮೀಟರುಗಳಿಗೂ ಅದೇ ಮಿತಿ ಬಂದಿತು. ಅವುಗಳ ಮೇಲಿನ ಲಾಭವು ಕೆಲವೆಡೆ ಶೇಕಡ ೭೦೯ನ್ನು ಮುಟ್ಟಿತ್ತು. ಆದರೆ ಕಾನೂನು ಬರುವ ವೇಳೆಗೆ ಭಯವು ತನ್ನ ವ್ಯಾಪಾರವನ್ನು ಮುಗಿಸಿತ್ತು.

ಇಲ್ಲಿಗೆ ಘಟನೆಯು ಮುಗಿಯಿತು. ವಿಚಾರವು ಇಲ್ಲಿಂದ ಆರಂಭವಾಗಬೇಕು.

ನಮ್ಮ ಆಚಾರ್ಯರು ಭಯವನ್ನು ಏಳು ಬಗೆಯಾಗಿ ಎಣಿಸಿದ್ದಾರೆ: ಇಹಲೋಕಭಯ, ಪರಲೋಕಭಯ, ವೇದನಾಭಯ, ಅರಕ್ಷಾಭಯ, ಅಗುಪ್ತಿಭಯ, ಮರಣಭಯ, ಆಕಸ್ಮಿಕಭಯ. ಎಂದೋ ಎಲ್ಲಿಂದಲೋ ಏನೋ ಬಂದೆರಗೀತೆಂಬ ಹೆದರಿಕೆಯೇ ಕೊನೆಯದು. ಸಮ್ಯಗ್ದೃಷ್ಟಿಯಾದವನು ಈ ಏಳರಿಂದಲೂ ಬಿಡುಗಡೆ ಹೊಂದಿರುವನೆಂಬುದು ನಿಃಶಂಕಿತವೆಂಬ ಮೊದಲನೆಯ ಅಂಗದ ಒಂದು ಅರ್ಥ. ಇದನ್ನು ಕೇಳಿದ ಕೂಡಲೇ ಕೆಲವರು, ಹಾಗಾದರೆ ವಿಪತ್ತಿಗೆ ಸಿದ್ಧನಾಗುವುದೇ ಶ್ರದ್ಧೆಯ ಕೊರತೆಯೇ ಎಂದು ಕೇಳಿಯಾರು. ಹಾಗಲ್ಲ. ಜೈನ ಗೃಹಸ್ಥನ ನಿತ್ಯಜೀವನವೆಲ್ಲ ಎಚ್ಚರಿಕೆಯಿಂದಲೇ ಕೂಡಿದೆ. ನಾವು ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿ ಕುಡಿಯುತ್ತೇವೆ. ಸೂರ್ಯಾಸ್ತಕ್ಕೆ ಮೊದಲೇ ಊಟವನ್ನು ಮುಗಿಸುತ್ತೇವೆ. ಧಾನ್ಯವನ್ನು ಆರಿಸಿ, ಒಲೆಯನ್ನು ನೋಡಿ ಉರಿ ಹಚ್ಚುತ್ತೇವೆ. ಇದೆಲ್ಲವೂ ಆಗಬಹುದಾದ ಹಿಂಸೆಯನ್ನು ಮುಂದಾಗಿ ಯೋಚಿಸಿ ತಡೆಯುವ ಕ್ರಮವೇ ಆಗಿದೆ. ಆದುದರಿಂದ ಮುಂದಾಲೋಚನೆಯು ದೋಷವಲ್ಲ, ಪ್ರಮಾದವೇ ದೋಷ.

ಆದರೆ ಸೋಸುವ ಬಟ್ಟೆಗೂ ನಾನು ಕೊಂಡ ಯಂತ್ರಕ್ಕೂ ಇರುವ ಭೇದವನ್ನು ನೋಡಬೇಕು. ಬಟ್ಟೆಯು ಏನು ಮಾಡುತ್ತದೆಂಬುದನ್ನು ನಾನು ಬಲ್ಲೆ. ಅದು ಹರಿದಿದೆಯೋ ಇಲ್ಲವೋ ಎಂದು ದಿನವೂ ಕಣ್ಣಾರೆ ನೋಡುತ್ತೇನೆ. ಅದನ್ನು ಬಳಸುವುದು ನನ್ನ ಶ್ರಮ, ನನ್ನ ಗಮನ. ಯಂತ್ರವು ಏನು ಮಾಡುತ್ತದೆಂಬುದನ್ನು ನಾನು ತಿಳಿಯಲಿಲ್ಲ, ಪರೀಕ್ಷಿಸಲಿಲ್ಲ; ಅದನ್ನು ಕೊಂಡದ್ದರಿಂದಲೇ ಗಮನ ಕೊಡುವ ಹೊಣೆ ನನ್ನಿಂದ ಕಳಚಿಹೋಯಿತೆಂದು ಭಾವಿಸಿದೆ. ಅತ್ತೆಯವರ ಕಣ್ಣು ಕಪ್ಪಾದ ತುಟಿಯನ್ನು ಕಂಡಿತ್ತು. ಆ ಕಣ್ಣನ್ನು ನಾನು ನಂಬಲಿಲ್ಲ. ಬೆಲೆ ಕೊಟ್ಟು ತಂದ ಅಂಕಿಯನ್ನು ನಂಬಿದೆ. ನಿಜವಾದ ಎಚ್ಚರಿಕೆಯು ಮನುಷ್ಯನನ್ನು ಜಾಗೃತನನ್ನಾಗಿ ಮಾಡುತ್ತದೆ. ಭಯದಿಂದ ಕೊಂಡ ಸಾಧನವು ಅವನನ್ನು ನಿದ್ರೆಗೆ ಒಯ್ಯುತ್ತದೆ. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವುದು ತಕ್ಕುದಲ್ಲ.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಪರಿಗ್ರಹವನ್ನು ಉಮಾಸ್ವಾಮಿಗಳು ವಸ್ತುವಿನಿಂದಲ್ಲ, ವಸ್ತುವಿನ ಮೇಲಣ ಮೂರ್ಛೆಯಿಂದ ಗುರುತಿಸಿದ್ದಾರೆ. ಅವರ ಸೂತ್ರಗಳಿಗೆ ಸರ್ವಾರ್ಥಸಿದ್ಧಿಯೆಂಬ ವೃತ್ತಿಯನ್ನು ಬರೆದ ಪೂಜ್ಯಪಾದರ ತಪೋಭೂಮಿಯೆಂದು ಪರಂಪರೆಯು ಸ್ಮರಿಸುವ ಮಲೆಯೂರಿನ ಕನಕಗಿರಿಯು ನಮ್ಮ ಜಿಲ್ಲೆಯಲ್ಲಿಯೇ ಇದೆ. ಅಲ್ಲಿಗೆ ಯಾತ್ರೆ ಹೋಗಿ ಬರುವ ನಾವು ಈ ಮಾತನ್ನು ಮರೆಯಬಾರದು. ಶಾಸ್ತ್ರದಲ್ಲಿ ಬಾಹ್ಯಪರಿಗ್ರಹವು ಹತ್ತು ಬಗೆಯೆಂದೂ ಅಭ್ಯಂತರ ಪರಿಗ್ರಹವು ಹದಿನಾಲ್ಕು ಬಗೆಯೆಂದೂ ಹೇಳಿದೆ. ಆ ಹದಿನಾಲ್ಕರಲ್ಲಿ ಮಿಥ್ಯಾತ್ವವಿದೆ, ನಾಲ್ಕು ಕಷಾಯಗಳಿವೆ, ಒಂಬತ್ತು ನೋಕಷಾಯಗಳಿವೆ. ಆ ಒಂಬತ್ತರಲ್ಲಿ ಭಯವೂ ಒಂದು. ಇದನ್ನು ನಾವು ಪಾಠದಂತೆ ಒಪ್ಪಿಸುತ್ತೇವೆಯೇ ಹೊರತು ಅರ್ಥವನ್ನು ಯೋಚಿಸುವುದಿಲ್ಲ. ಭಯವು ಪರಿಗ್ರಹಕ್ಕೆ ಕಾರಣವೆಂದಷ್ಟೇ ಇಲ್ಲಿ ಹೇಳಿಲ್ಲ. ಭಯವೇ ಒಂದು ಪರಿಗ್ರಹವೆಂದು ಹೇಳಿದೆ. ಅದನ್ನೂ ನಾವು ಸಂಪಾದಿಸುತ್ತೇವೆ, ಕೂಡಿಡುತ್ತೇವೆ, ಮಕ್ಕಳಿಗೆ ಬಿಟ್ಟು ಹೋಗುತ್ತೇವೆ. ನನ್ನ ಅಟ್ಟದ ಮೇಲಿನ ಯಂತ್ರವು ಬಾಹ್ಯಪರಿಗ್ರಹದಲ್ಲಿ ಭಾಂಡವೆಂಬ ಹತ್ತನೆಯ ಬಗೆಗೆ ಸೇರಿದ ಒಂದು ವಸ್ತು ಮಾತ್ರ. ಅದು ಬರುವುದಕ್ಕೆ ಮೊದಲೇ ಅದಕ್ಕಿಂತ ದೊಡ್ಡದೊಂದು ವಸ್ತುವನ್ನು ನಾನು ಎದೆಯೊಳಗೆ ತಂದಿಟ್ಟುಕೊಂಡಿದ್ದೆ. ಮಧ್ಯವರ್ತಿಯು ಅದಕ್ಕೆ ಹೊಂದುವ ಗೂಡನ್ನು ಮಾರಿದನು, ಅಷ್ಟೆ.

ಆದುದರಿಂದ ವಿಪತ್ತಿಗೆಂದು ಕೊಂಡ ವಸ್ತುವು ಪರಿಮಾಣದ ಲೆಕ್ಕದೊಳಗೆ ಸೇರಲೇಬೇಕೆಂದು ನನಗೆ ತೋರುತ್ತದೆ. ಪ್ರಾಣರಕ್ಷಣೆಯ ಹೆಸರಿನಲ್ಲಿ ಒಂದು ಬಾಗಿಲನ್ನು ತೆರೆದಿಟ್ಟರೆ ಎಲ್ಲ ವಸ್ತುವೂ ಅದರ ಮೂಲಕವೇ ಒಳಗೆ ಬರುತ್ತದೆ. ಇಂದಿನ ಜಾಹೀರಾತುಗಳನ್ನು ನೋಡಿರಿ: ಆಸೆಯನ್ನು ತೋರಿಸಿ ಮಾರುವುದಕ್ಕಿಂತ ಹೆದರಿಸಿ ಮಾರುವುದು ಹೆಚ್ಚಾಗಿದೆ. ಕುತ್ತಿಗೆಗೆ ನೇತುಹಾಕಿಕೊಂಡರೆ ವೈರಾಣು ಹತ್ತಿರ ಸುಳಿಯದೆಂಬ ಚೀಟಿ, ತರಕಾರಿಯನ್ನು ಬೆಳಕಿನಿಂದ ಶುದ್ಧಿಮಾಡುವ ಪೆಟ್ಟಿಗೆ, ಕರೆಂಟು ಹೋದಾಗ ಮೂರು ದಿನ ಉರಿಯುವುದೆಂದು ಹೇಳಿ ಮೂರು ಗಂಟೆಗೆ ಆರುವ ದೀಪ. ಆಸೆಗೆ ಮಿತಿ ಹಾಕಿಕೊಂಡ ವ್ರತಿಯೂ ಹೆದರಿಕೆಗೆ ಮಿತಿ ಹಾಕಿಕೊಂಡಿರುವುದಿಲ್ಲವೆಂಬುದನ್ನು ವ್ಯಾಪಾರಿಯು ಬಲ್ಲನು.

ಅನರ್ಥದಂಡ ವಿರತಿಯೆಂಬ ಗುಣವ್ರತದ ಅತಿಚಾರಗಳಲ್ಲಿ ಎರಡು ಇಲ್ಲಿ ನೇರವಾಗಿ ಅನ್ವಯಿಸುತ್ತವೆ. ಒಂದು ಅಸಮೀಕ್ಷ್ಯಾಧಿಕರಣ, ಅಂದರೆ ಪ್ರಯೋಜನವನ್ನು ವಿಚಾರಿಸದೆ ಕೆಲಸಕ್ಕೆ ತೊಡಗುವುದು. ಇನ್ನೊಂದು ಉಪಭೋಗಪರಿಭೋಗಾನರ್ಥಕ್ಯ, ಅಂದರೆ ಬೇಕಾದುದಕ್ಕಿಂತ ಹೆಚ್ಚಾಗಿ ವಸ್ತುಗಳನ್ನು ತಂದಿಟ್ಟುಕೊಳ್ಳುವುದು. ಸಮಂತಭದ್ರರು ಪರಿಗ್ರಹ ಪರಿಮಾಣದ ದೋಷಗಳಲ್ಲಿಯೇ ಅತಿಸಂಗ್ರಹವನ್ನು ಹೆಸರಿಸಿದ್ದಾರೆ. ಆ ಮೇ ತಿಂಗಳಿನಿಂದ ನಮ್ಮ ಯಂತ್ರವು ನಲವತ್ತು ದಿನ ನಮ್ಮ ನಡುಮನೆಯಲ್ಲಿ ಸುಮ್ಮನೆ ನಿಂತಿತ್ತು. ಅದು ಒಳ್ಳೆಯದಾಗಿದ್ದರೆ, ಅದೇ ಬೀದಿಯಲ್ಲಿ ಉಸಿರಿಗೆ ಪರದಾಡುತ್ತಿದ್ದವರಿಂದ ಅದನ್ನು ಬಚ್ಚಿಟ್ಟ ದೋಷ ನನ್ನದು. ಅದು ಕೆಟ್ಟದ್ದಾಗಿದ್ದರೆ, ವಿಚಾರಿಸದೆ ಕೊಂಡ ದೋಷ ನನ್ನದು. ಹೇಗೆ ನೋಡಿದರೂ ನನಗೆ ಬಿಡುಗಡೆಯಿರಲಿಲ್ಲ. ಮೋಸಮಾಡಿದವನೊಬ್ಬನಿದ್ದಾನೆಂಬುದರಿಂದ ಮೋಸಹೋದವನು ನಿರ್ದೋಷಿಯಾಗುವುದಿಲ್ಲ.

ಮಾರಿದವನ ವಿಷಯಕ್ಕೆ ಬಂದರೆ, ಅಚೌರ್ಯಾಣುವ್ರತದ ಐದನೆಯ ಅತಿಚಾರವು ಪ್ರತಿರೂಪಕ ವ್ಯವಹಾರ: ಅಸಲಿನ ರೂಪವನ್ನು ತೊಡಿಸಿ ನಕಲಿಯನ್ನು ಮಾರುವುದು. ತುಪ್ಪದಲ್ಲಿ ಕೊಬ್ಬು ಬೆರೆಸುವವನಿಗೂ, ಬೆಲೆಯಿಲ್ಲದ ಲೋಹಕ್ಕೆ ಚಿನ್ನದ ನೀರು ಕೊಡುವವನಿಗೂ ಹೇಳಿದ ಮಾತದು. ಆದರೆ ಉಸಿರಿನ ನಕಲಿಯನ್ನು ಮಾರುವವನ ಕೃತ್ಯವು ಕಳ್ಳತನದಲ್ಲಿಯೇ ನಿಲ್ಲುವುದಿಲ್ಲ. ಅದು ಹಿಂಸೆಯವರೆಗೂ ಹೋಗುತ್ತದೆ. ಚತುರ್ವಿಧ ದಾನಗಳಲ್ಲಿ ಅಭಯದಾನವನ್ನು ನಾವು ಬಹಳವಾಗಿ ಕೊಂಡಾಡುತ್ತೇವೆ. ಭಯವನ್ನು ಹೆಚ್ಚಿಸಿ, ಅದಕ್ಕೆ ಬೆಲೆ ಕಟ್ಟಿ, ಅಭಯದ ಚಿತ್ರವನ್ನು ಮಾತ್ರ ಕೈಗೆ ಕೊಡುವ ಈ ವ್ಯಾಪಾರವು ಅಭಯದಾನಕ್ಕೆ ಸಂಪೂರ್ಣ ವಿರೋಧವಾದುದು.

ಅಂತಹವನ ಮೇಲೆ ದೂರು ಕೊಡಬಹುದೇ, ಅಥವಾ ಉತ್ತಮ ಕ್ಷಮೆಯನ್ನು ನೆನೆದು ಸುಮ್ಮನಿರಬೇಕೇ? ನಮ್ಮ ಸಮಾಜದಲ್ಲಿ ಹಲವರು ಎರಡನೆಯದೇ ಧರ್ಮವೆಂದು ತಿಳಿದಿದ್ದಾರೆ. ನಾನೂ ಹಾಗೆಯೇ ಸುಮ್ಮನಾದೆ. ಬಿಲ್ಲಿಲ್ಲವೆಂಬುದು ಒಂದು ನೆಪ, ನಾಚಿಕೆಯೇ ನಿಜವಾದ ಕಾರಣ. ಈಗ ಯೋಚಿಸಿದರೆ ಅದು ಕ್ಷಮೆಯಾಗಿರಲಿಲ್ಲ. ಕ್ಷಮೆಯೆಂದರೆ ಕ್ರೋಧವನ್ನು ಬಿಡುವುದೇ ಹೊರತು ಸತ್ಯವನ್ನು ಬಚ್ಚಿಡುವುದಲ್ಲ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗಾಗಿ ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿಗಳ ವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ದ್ವೇಷವಿಲ್ಲದೆ, ನನ್ನ ಹಣ ಬಂದೀತೆಂಬ ಆಸೆಯಿಲ್ಲದೆ, ಇನ್ನೊಬ್ಬರ ಮನೆಯಲ್ಲಿ ಪೆನ್ಸಿಲಿಗೂ ೯೮ ತೋರಿಸುವ ಮೀಟರು ಸೇರದಿರಲೆಂಬ ಕಾರಣಕ್ಕೆ ನಾನು ಆ ದೂರನ್ನು ಕೊಟ್ಟಿದ್ದರೆ ಅದೇ ಅಭಯದಾನವಾಗುತ್ತಿತ್ತು. ಆ ಅವಕಾಶವನ್ನು ಕಳೆದುಕೊಂಡೆ. ವಾಚಕರು ಕಳೆದುಕೊಳ್ಳದಿರಲಿ.

ಇದಕ್ಕಿಂತ ಕಠಿನವಾದ ಪರೀಕ್ಷೆಯು ಆ ವರ್ಷದ ಶ್ರಾವಣದಲ್ಲಿ ಬಂದಿತು. ಮೂರನೆಯ ಅಲೆ ಬರುತ್ತದೆಂಬ ಮಾತು ಊರಿನಲ್ಲೆಲ್ಲ ಹರಡಿತ್ತು. ಯಳಂದೂರಿನ ಕಡೆಯ ಗೃಹಸ್ಥರೊಬ್ಬರು ಮನೆಗೆ ಬಂದು, "ನಿಮ್ಮಲ್ಲಿ ಯಂತ್ರವಿದೆಯಂತೆ, ೪೦,೦೦೦ ರೂಪಾಯಿ ಕೊಡುತ್ತೇವೆ, ಮನೆಯಲ್ಲಿ ವಯಸ್ಸಾದವರಿದ್ದಾರೆ" ಎಂದರು. ಅವರು ಪರೀಕ್ಷೆಯನ್ನು ಕೇಳಲಿಲ್ಲ. ನಾನು ಮೊದಲು ಹೇಗೆ ಕೇಳಲಿಲ್ಲವೋ ಹಾಗೆಯೇ. ನನ್ನ ಮನಸ್ಸಿನಲ್ಲಿ ಬಂದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. ಒಂದು ಲೀಟರಿನ ಹರಿವಿನಲ್ಲಿ ಅದು ಸರಿಯಾಗಿದೆಯೆಂಬುದು ಸುಳ್ಳಲ್ಲವಲ್ಲ. ಅಮ್ಮನ ಉದ್ಯಾಪನೆಯ ಅರ್ಧ ಹಣವಾದರೂ ಬಂದೀತು. ಧರ್ಮಕಾರ್ಯಕ್ಕೇ ತಾನೇ ಎಂದು ಲೆಕ್ಕ ಹಾಕಿದೆ. ಮೋಸಹೋದವನು ಮೋಸಮಾಡುವವನಾಗಲು ಒಂದೇ ಒಂದು ವಾಕ್ಯ ಸಾಕು. ಆ ವಾಕ್ಯವು ನನ್ನ ನಾಲಿಗೆಯ ತುದಿಯಲ್ಲಿತ್ತು.

ಒಳಗಿನಿಂದ ತಾಯಿಯವರು ಬಂದು, ಬಂದವರಿಗೆ ನೀರು ಕೊಟ್ಟು, "ಅದು ಕೆಟ್ಟ ಯಂತ್ರ ಸ್ವಾಮಿ, ನಮ್ಮ ತಮ್ಮನ ಪ್ರಾಣಕ್ಕೇ ಬಂದಿತ್ತು; ನಿಮಗೆ ಬೇಡ" ಎಂದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಆ ದುಡ್ಡಿನಲ್ಲಿ ಉದ್ಯಾಪನೆ ಮಾಡಿದರೆ ಹದಿನಾಲ್ಕು ವರ್ಷದ ಉಪವಾಸವನ್ನು ಮಾರಿದ ಹಾಗಲ್ಲವೇನೋ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಪ್ರತಿರೂಪಕ ವ್ಯವಹಾರದ ಅರ್ಥವನ್ನು ನಾನು ಓದಿ ತಿಳಿದಿದ್ದೆ. ಅವರು ಓದದೆಯೇ ಪಾಲಿಸಿದರು.

ನಮ್ಮ ಪರಂಪರೆಯಲ್ಲಿ ವಿಪತ್ತಿಗೆ ಸಿದ್ಧರಾದವರ ಮಹಾದೃಷ್ಟಾಂತವೊಂದಿದೆ. ಹನ್ನೆರಡು ವರ್ಷಗಳ ಕ್ಷಾಮವು ಬರುವುದನ್ನು ಭದ್ರಬಾಹು ಸ್ವಾಮಿಗಳು ನಿಮಿತ್ತಜ್ಞಾನದಿಂದ ಮೊದಲೇ ಅರಿತರೆಂದು ಕಥೆಗಳು ಹೇಳುತ್ತವೆ. ಕ್ರಿ. ಶ. ೯೩೧ರಲ್ಲಿ ರಚಿತವಾದ ಹರಿಷೇಣರ ಬೃಹತ್ಕಥಾಕೋಶದ ಪ್ರಕಾರ ಆಗ ಮುನಿಸಂಘವು ದಕ್ಷಿಣದ ಪುನ್ನಾಟಕ್ಕೆ ಬಂದಿತು. ಆ ಪುನ್ನಾಟವು ನಮ್ಮ ನೆರೆಯ ಕಪಿಲಾ ತೀರದ ನಾಡೇ ಆಗಿದೆ. ಕ್ಷಾಮವನ್ನು ಮೊದಲೇ ಬಲ್ಲವರು ಏನು ಮಾಡಿದರೆಂಬುದನ್ನು ಗಮನಿಸಬೇಕು. ಧಾನ್ಯವನ್ನು ಕೂಡಿಡಿರೆಂದು ಹೇಳಲಿಲ್ಲ. ತಮ್ಮ ವ್ರತವನ್ನು ಕೆಡಿಸಿಕೊಳ್ಳದೆ ಬದುಕಬಹುದಾದ ಸ್ಥಳಕ್ಕೆ ನಡೆದರು. ಉಳಿಸಿಕೊಳ್ಳಬೇಕಾದದ್ದು ಯಾವುದೆಂಬುದು ಅವರಿಗೆ ಸ್ಪಷ್ಟವಾಗಿತ್ತು. ಮುನಿಗಳ ಮಾರ್ಗವು ಗೃಹಸ್ಥನಿಗೆ ಪೂರ್ತಿ ಸಾಧ್ಯವಲ್ಲ. ಆದರೂ ಸಿದ್ಧತೆಯೆಂದರೆ ಸಂಗ್ರಹವೊಂದೇ ಅಲ್ಲವೆಂಬ ಪಾಠವನ್ನು ಅದರಿಂದ ಕಲಿಯಬಹುದು.

ವಿಪತ್ತು ಬರುವುದಿಲ್ಲವೆಂದು ನಾನು ಹೇಳುತ್ತಿಲ್ಲ. ೨೦೧೮ರಲ್ಲಿಯೂ ೨೦೧೯ರಲ್ಲಿಯೂ ಮತ್ತೆ ೨೦೨೪ರಲ್ಲಿಯೂ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಕಾವೇರಿಯು ಉಕ್ಕಿ, ಕೊಳ್ಳೇಗಾಲ ತಾಲೂಕಿನ ದಾಸನಪುರ, ಹಳೇ ಹಂಪಾಪುರ, ಮುಳ್ಳೂರು, ಹಳೇ ಅಣಗಳ್ಳಿ ಮೊದಲಾದ ಊರುಗಳನ್ನು ಮುತ್ತಿತು. ಅಂತಹ ದಿನಗಳಲ್ಲಿ ಜನರನ್ನು ಕಾಯುವುದು ಸಕಾಲಕ್ಕೆ ಬಂದ ಎಚ್ಚರಿಕೆ, ತೆಪ್ಪ, ಗಂಜಿಕೇಂದ್ರ, ಮುದುಕರನ್ನು ಹೆಗಲಮೇಲೆ ಹೊತ್ತು ಎತ್ತರಕ್ಕೆ ಸೇರಿಸುವ ನೆರೆಯವರು. ಮನೆಯೊಳಗೆ ಬಚ್ಚಿಟ್ಟ ಸಾಧನವು ಮನೆಯೊಡನೆಯೇ ಮುಳುಗುತ್ತದೆ. ನಮ್ಮ ಮಾವನವರನ್ನು ಉಳಿಸಿದ್ದೂ ಯಂತ್ರವಲ್ಲ, ಗಾಡಿ ತಂದ ನೆರೆಯವರು.

ಹಾಗಾದರೆ ನಿಜವಾಗಿಯೂ ಉಪಕರಣವು ಬೇಕಾದರೆ ಏನು ಮಾಡಬೇಕು? ವೃದ್ಧರೂ ಉಬ್ಬಸದ ರೋಗಿಗಳೂ ಇರುವ ಮನೆಗಳಿಗೆ ಒಳ್ಳೆಯ ಆಕ್ಸಿಮೀಟರು ಉಪಕಾರಿಯೆಂಬುದರಲ್ಲಿ ಸಂಶಯವಿಲ್ಲ. ಅದು ಬೇಡವೆಂದು ಹೇಳುವುದು ಇನ್ನೊಂದು ಬಗೆಯ ಮೌಢ್ಯವಾದೀತು. ಕೊಳ್ಳುವ ಮೊದಲು ಮೂರು ಮಾತುಗಳನ್ನು ಕೇಳಿಕೊಳ್ಳೋಣ. ಇದು ಏನು ಮಾಡುತ್ತದೆಂಬುದನ್ನು ನಾನು ಮನೆಯವರಿಗೆ ಎರಡು ವಾಕ್ಯಗಳಲ್ಲಿ ತಿಳಿಸಬಲ್ಲೆನೇ? ಭಯವು ಇಳಿದ ಮೇಲೆ, ನಾಳೆಯ ಸಾಮಾಯಿಕ ಮುಗಿದ ಮೇಲೆಯೂ ಇದು ಬೇಕೆನ್ನಿಸುತ್ತದೆಯೇ? ನಾನು ಕೊಂಡದ್ದರಿಂದ ಹೆಚ್ಚು ಅಗತ್ಯವುಳ್ಳ ಇನ್ನೊಬ್ಬರಿಗೆ ಇದು ತಪ್ಪುತ್ತದೆಯೇ? ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಬಿಲ್ಲು ಪಡೆದು ಕೊಳ್ಳಲಿ, ವೈದ್ಯರ ಮೀಟರಿನೊಡನೆ ಹೋಲಿಸಿ ನೋಡಲಿ, ಪರಿಮಾಣದ ಪಟ್ಟಿಯಲ್ಲಿ ಬರೆದುಕೊಳ್ಳಲಿ. ಅಂಕಿಯು ೯೪ಕ್ಕಿಂತ ಕೆಳಗಿಳಿದರೆ ವೈದ್ಯರಲ್ಲಿಗೆ ಹೋಗಬೇಕು. ಇಳಿಯದಿದ್ದರೂ ತುಟಿ ಕಪ್ಪಾದರೆ, ಮಾತು ತೊದಲಿದರೆ, ಅಂಕಿಯನ್ನು ಬಿಟ್ಟು ಮನುಷ್ಯನನ್ನು ನೋಡಬೇಕು. ಬೆಲೆಬಾಳುವ ಯಂತ್ರಗಳನ್ನು ಒಂದೊಂದು ಮನೆಯೂ ಕೊಳ್ಳುವುದಕ್ಕಿಂತ, ಊರಿನ ಸಮಾಜವೆಲ್ಲ ಸೇರಿ ಪರೀಕ್ಷಿಸಿದ ಒಂದನ್ನು ತಂದು, ತಿಂಗಳಿಗೊಮ್ಮೆ ನಡೆಸಿ ನೋಡಿ, ಜಾತಿಮತವೆನ್ನದೆ ಬೇಕಾದವರಿಗೆ ಕೊಟ್ಟರೆ, ಅದು ಪರಿಗ್ರಹವಾಗಿ ಉಳಿಯದೆ ಔಷಧದಾನವಾಗುತ್ತದೆ. ವಸ್ತು ಒಂದೇ, ಇಟ್ಟ ಸ್ಥಳದಿಂದ ಅದರ ಧರ್ಮವು ಬದಲಾಗುತ್ತದೆ.

ಉಪವಾಸದ ವಿಷಯವಾಗಿ ಒಂದು ಮಾತು. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸವನ್ನು ನಾವು ಕರ್ಮನಿರ್ಜರೆಗೆಂದು ಆಚರಿಸುತ್ತೇವೆ, ಅದೇ ಮುಖ್ಯ. ಆದರೆ ಅದರೊಡನೆ ಇನ್ನೊಂದು ಫಲವೂ ಬರುತ್ತದೆ. ಅನ್ನವಿಲ್ಲದೆ ಒಂದು ದಿನವನ್ನು ಶಾಂತವಾಗಿ ಕಳೆದವನಿಗೆ ಇಲ್ಲದಿರುವಿಕೆಯ ಹೆದರಿಕೆ ಅಷ್ಟಷ್ಟೇ ಕಡಮೆಯಾಗುತ್ತದೆ. ಆ ಮೇ ತಿಂಗಳಿನಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕಡಮೆ ಹೆದರಿದವರು ಹದಿನಾಲ್ಕು ಚತುರ್ದಶಿಗಳನ್ನು ಕಂಡ ತಾಯಿಯವರೇ ಎಂಬುದು ನನಗೆ ಈಗ ಅರ್ಥವಾಗುತ್ತದೆ. ಅರಿಹಂತ, ಸಿದ್ಧ, ಸಾಧು, ಧರ್ಮಗಳೆಂಬ ನಾಲ್ಕು ಶರಣಗಳನ್ನು ದಿನವೂ ಬಾಯಲ್ಲಿ ಹೇಳುತ್ತಿದ್ದ ನಾನು ಐದನೆಯದೊಂದನ್ನು ೯೨,೦೦೦ ರೂಪಾಯಿಗೆ ಕೊಂಡಿದ್ದೆ. ಅವರಿಗೆ ನಾಲ್ಕೇ ಸಾಕಾಗಿದ್ದವು. ಹಣವನ್ನು ಅವರು ಕೊಟ್ಟದ್ದು ತಮ್ಮ ಭಯಕ್ಕಲ್ಲ, ನನ್ನ ಭಯಕ್ಕೆ ಮರುಗಿ.

ಉದ್ಯಾಪನೆಯು ೨೦೨೩ರ ಭಾದ್ರಪದದಲ್ಲಿ ನಡೆಯಿತು, ಸರಳವಾಗಿ, ಇದ್ದಷ್ಟರಲ್ಲಿ. ಹನೂರಿನಿಂದ ಮಾವನವರು ಅತ್ತೆಯವರೊಡನೆ ಬಂದು ಬಸದಿಯಲ್ಲಿ ಕುಳಿತು ಅಭಿಷೇಕವನ್ನು ನೋಡಿದರು. ಯಂತ್ರವು ಇನ್ನೂ ಅಟ್ಟದ ಮೇಲಿದೆ. ಗುಜರಿಯವರಿಗೆ ಕೊಟ್ಟರೆ ಮತ್ತೆ ಯಾರದೋ ಮನೆಗೆ ಹೊಸ ಬಣ್ಣ ಬಳಿದುಕೊಂಡು ಹೋದೀತೆಂದು ತಾಯಿಯವರು ಒಪ್ಪಿಲ್ಲ. ಅದರ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: "ಕೆಟ್ಟಿದೆ. ಯಾರಿಗೂ ಕೊಡತಕ್ಕದ್ದಲ್ಲ." ನನ್ನ ಪರಿಗ್ರಹ ಪರಿಮಾಣದ ಪಟ್ಟಿಯಲ್ಲಿ, ಪಾತ್ರೆಗಳ ಕೆಳಗೆ, ಅದನ್ನೂ ಒಂದು ಸಾಲಿನಲ್ಲಿ ಬರೆದುಕೊಂಡಿದ್ದೇನೆ. ವರ್ಷಕ್ಕೊಮ್ಮೆ ಪಟ್ಟಿಯನ್ನು ಓದುವಾಗ ಆ ಸಾಲಿಗೆ ಬಂದು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅದರ ಪಕ್ಕದಲ್ಲಿ ಬರೆಯಬೇಕಾದ ಇನ್ನೊಂದು ವಸ್ತು ಇನ್ನೂ ಒಳಗೆ ಎಷ್ಟು ಉಳಿದಿದೆಯೆಂದು ನೋಡಿಕೊಳ್ಳುತ್ತೇನೆ.